ಚಪ್ಪಟೆ ಬಿದ್ದ ಗಾಲಿ

ಕಂತು ಏಳು

ಸುತ್ತಿಗೆ ಎತ್ತಿ ಗಾಲಿಗೆ ಒಂದು ಪೆಟ್ಟು ಕೊಟ್ಟೆ. ಗಾಲಿ ಗಂಟೆಯ ಹಾಗೆ ಸ್ವಚ್ಛವಾಗಿ ದನಿ ಕೊಟ್ಟಿತು. ಮತ್ತೊಂದಕ್ಕೆ ಕೊಟ್ಟೆ, ಅದೂ ಹಾಗೆಯೇ. ನಾಲ್ಕೂ ಗಾಲಿ ಗಟ್ಟಿ. ಬಿರುಕಿಲ್ಲ, ಸೀಳಿಲ್ಲ.

ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಮೂವತ್ತೊಂದು ವರ್ಷ ರೈಲಿನ ಗಾಲಿ ಬಡಿದು ಹೊಟ್ಟೆ ಹೊರೆದವನು ನಾನು. ಒಡೆದ ಗಾಲಿ ಯಾವುದು, ಒಡೆಯಲಿರುವ ಗಾಲಿ ಯಾವುದು ಎಂದು ಕಿವಿಯಲ್ಲೇ ಹೇಳುತ್ತೇನೆ. ಆದರೆ ಆ ಬೆಳಿಗ್ಗೆ ನನ್ನ ಕಿವಿ ಕೆಲಸಕ್ಕೆ ಬರಲಿಲ್ಲ. ಗಾಲಿ ಗಟ್ಟಿಯಾಗಿದ್ದರೆ ತಪ್ಪು ಮನುಷ್ಯನದೇ ಎಂದಾಗುತ್ತದೆ, ಮತ್ತು ಆ ಮನುಷ್ಯ ಸತ್ತು ಹನ್ನೆರಡು ದಿನವಾಗಿತ್ತು.

ಮಹಾನವಮಿಯ ದಿನ ಇಡಗುಂದಿ ಕಾಡಿನ ನಾಟಾ, ಅಂದರೆ ಮರದ ದಿಮ್ಮಿ, ಹಳಿಯ ಮೇಲೆ ಸಾಗಿಸುವ ಟ್ರಾಲಿಯೊಂದು ಇಳಿಜಾರಿನಲ್ಲಿ ಕೈಮೀರಿ ಓಡಿ, ಬ್ರೇಕ್ ಹಿಡಿಯುವ ದ್ಯಾಮಪ್ಪನನ್ನೂ ಅವನ ಜೊತೆಗಾರ ಹಯಾತನನ್ನೂ ಕೊಂದಿತ್ತು. 'ದ್ಯಾಮಪ್ಪ ಕುಡಿದು, ಯಾರ ಅಪ್ಪಣೆಯೂ ಇಲ್ಲದೆ ಟ್ರಾಲಿ ಬಿಟ್ಟುಕೊಂಡು ಹೋಗಿ, ಬ್ರೇಕ್ ಹಾಕದೆ ನಿದ್ದೆಹೋದ' ಎಂಬ ಕಂತ್ರಾಟುದಾರರ ಕಾಗದವನ್ನು ನಂಬದ ಯಲ್ಲಾಪುರದ ಪೊಲೀಸ್ ಫೌಜುದಾರರು ನನ್ನನ್ನು ಬನವಾಸಿಯಿಂದ ಕರೆಸಿದ್ದರು.

ಟ್ರಾಲಿ ತಿರುವಿನ ಕೆಳಗೆ ಬಿದ್ದಲ್ಲೇ ಬಿದ್ದಿತ್ತು, ಗಾಲಿಗಳು ಮೇಲಾಗಿ. ಎದುರಿನ ಕಲ್ಲಿನ ಮೇಲೆ ದ್ಯಾಮಪ್ಪನ ಹೆಂಡತಿ ಗಿರಿಜವ್ವ ಕೂತಿದ್ದಳು. ಇಪ್ಪತ್ತೈದು ದಾಟಿರದ ಹೆಣ್ಣು. ಬೆಳಿಗ್ಗೆಯಿಂದ ನನ್ನ ಹಿಂದೆಯೇ ಇದ್ದಳು. ನಾನು ಕೆಲಸ ಮಾಡುವಾಗ ಯಾರಾದರೂ ನೋಡುತ್ತ ಕೂತರೆ ನನಗೆ ಮೈ ಉರಿಯುತ್ತದೆ.

"ತಂಗೀ, ಮನೀಗೆ ಹೋಗು. ಏನರ ಇದ್ರ ಹೇಳಿ ಕಳಸ್ತೀನಿ."

"ಇಲ್ರಿ ಕಾಕಾರ. ನೀವು ಬಡೀರಿ. ನಾ ಕುಂದರತೀನಿ."

ಮತ್ತೆ ಸ್ವಲ್ಪ ಹೊತ್ತಿಗೆ ಅವಳೇ ಕೇಳಿದಳು: "ನಿಮ್ಮ ಸುತಗಿ ಹಿಡಿಕಿ ಮ್ಯಾಲೆ ಕೆಂಪಗ ಐತಲ್ರಿ, ಕುಂಕುಮ ಏನ್ರಿ?"

"ಹೂಂ. ನನ್ನ ಹೇಣ್ತಿ ಪಾರ್ವತವ್ವ ಹಚ್ಚತಿದ್ಲು. ವರ್ಷಾ ಮಹಾನವಮಿ ದಿನಾ ಆಯುಧಕ್ಕ ಮಾಡೋ ಖಂಡೆಪೂಜೆಗೆ ಇದಕ್ಕ ಎಣ್ಣಿ ಸವರಿ, ಈಬತ್ತಿ ಬಳದು, ಕುಂಕುಮ ಇಡೂದು. ಮರದಿನಾ ಕೈಯಾಗ ಜಾರತೈತಿ ಅಂತ ನಾ ಬೈಯೂದು. ಆಕಿ ಹೋಗಿ ಆರು ವರ್ಷ ಆತು. ಈಗ ಬೈಯಾಕ ಯಾರೂ ಇಲ್ಲ."

ಗಿರಿಜವ್ವ ಎದ್ದು ಬಂದು ಹಿಡಿಕೆಯ ಕುಂಕುಮವನ್ನು ಒಮ್ಮೆ ಮುಟ್ಟಿ ಹೋಗಿ ಕೂತಳು. ನಾನು ಗಾಲಿಯ ಕಡೆ ತಿರುಗಿದೆ.

ಸುತ್ತಿಗೆ ಹೇಳದ್ದನ್ನು ಕೈ ಹೇಳೀತೇನೋ ಎಂದು ಗಾಲಿಯ ಸುತ್ತ ಅಂಗೈ ಸವರುತ್ತ ಬಂದೆ. ಹಳಿಯ ಮೇಲೆ ಉರುಳುವ ಮೈ ನುಣ್ಣಗಿರುತ್ತದೆ, ದುಂಡಗಿರುತ್ತದೆ. ಕೈ ಎಲ್ಲೂ ತಡೆಯಬಾರದು. ತಡೆಯಿತು. ಚುರುಕ್ ಎಂದಿತು. ಅಂಗೈ ಕೊಯ್ದು ರಕ್ತ ಬಂತು.

ಅಲ್ಲಿ ಗಾಲಿ ದುಂಡಗಿರಲಿಲ್ಲ. ಹೆಬ್ಬೆರಳುದ್ದದ ಜಾಗ ಚಪ್ಪಟೆಯಾಗಿ, ಅಂಚಿನಲ್ಲಿ ಕಬ್ಬಿಣ ಕೊರೆಯಂತೆ ಎದ್ದಿತ್ತು. ಗಾಲಿ ತಿರುಗಿಸಿದೆ. ಎರಡು ಗೇಣು ಆಚೆಗೆ ಇನ್ನೊಂದು ಚಪ್ಪಟೆ. ಮತ್ತೆ ತಿರುಗಿಸಿದೆ. ಮೂರನೆಯದು. ಬಾಕಿ ಗಾಲಿಗಳನ್ನು ನೋಡಿದೆ. ಅವುಗಳಲ್ಲೂ ಮೂರು ಮೂರು.

ನನ್ನ ಎದೆ ಒಮ್ಮೆಲೇ ಹಗುರವಾಯಿತು.

"ಗಿರಿಜವ್ವಾ, ಬಾ ಇಲ್ಲೆ. ಬಟ್ಟು ಇಡು."

ಅವಳ ಬೆರಳು ಹಿಡಿದು ಚಪ್ಪಟೆ ಜಾಗದ ಮೇಲೆ ಇಟ್ಟೆ.

"ಉರುಳೋ ಗಾಲಿ ಸವದ್ರ ಸುತ್ತಲೂ ಸವೀತೈತಿ. ಹಿಂಗ ಒಂದ ಕಡೆ ಸವೀಬೇಕಂದ್ರ ಗಾಲಿ ತಿರಗದ ಹಳಿ ಮ್ಯಾಲೆ ಎಳದುಕೊಂಡು ಹೋಗಿರಬೇಕು. ಗಾಲಿ ತಿರಗಬಾರದಂದ್ರ ಯಾರರ ಬ್ರೇಕ್ ಗಟ್ಟ್ಯಾಗಿ ಹಿಡದಿರಬೇಕು. ತಿಳೀತಾ?"

ಅವಳು ಉಸಿರು ಬಿಡದೆ ತಲೆಯಾಡಿಸಿದಳು.

"ಒಮ್ಮೆ ಹಿಡದು ಬಿಡದ ಕುಂತಿದ್ರ ಒಂದ ಚಪ್ಪಟಿ ಇರತಿತ್ತು. ಇಲ್ಲಿ ಮೂರು ಅದಾವು. ಅಂದ್ರ ಹಿಡದಾನ, ಗಾಲಿ ಜಾರಾಕತ್ತೈತಿ ಅಂತ ತಿಳಕೊಂಡು ಒಂದೀಟು ಬಿಟ್ಟು ಉರಳಿಸ್ಯಾನ, ಮತ್ತ ಹಿಡದಾನ. ಮತ್ತ ಬಿಟ್ಟಾನ, ಮತ್ತ ಹಿಡದಾನ. ಜಾರೋ ಗಾಲಿಗೆ ಹಳಿ ಸಿಗೂದಿಲ್ಲ, ಉರುಳೋ ಗಾಲಿಗೆ ಅಷ್ಟ ಸಿಗತೈತಿ. ಇದು ಛಲೋ ಕೆಲಸಗಾರಗ ಗೊತ್ತಿರೋ ವಿದ್ಯಾ. ಕುಡದಾವಗ ಬರೂದಿಲ್ಲ. ನಿದ್ದಿ ಮಾಡಾವಗ ಅಂತೂ..."

ನಾನು ಮುಗಿಸುವ ಮೊದಲೇ ಅವಳು ಎಣಿಸತೊಡಗಿದ್ದಳು. "ಒಂದು. ಎರಡು. ಮೂರು." ಮೂರನೆಯದರ ಮೇಲಿಟ್ಟ ಕೈ ತೆಗೆಯಲಿಲ್ಲ.

"ಅವರು ಜಿಗೀಬಹುದಿತ್ತಲ್ರಿ?"

"ಜಿಗೀಬಹುದಿತ್ತು. ಮುಂದ ನಾಟಾದ ಮ್ಯಾಲೆ ಹಯಾತ್ ಕುಂತಿದ್ದ. ಅವನ್ನ ಬಿಟ್ಟು ಜಿಗೀಲಿಲ್ಲ."

ಆಗ ಅತ್ತಳು. ಗಂಡನ ಹೆಣದ ಮುಂದೆಯೂ ಅವಳು ಅಳಲಿಲ್ಲವಂತೆ. ಅಳುವ ಹಕ್ಕೂ ತನಗಿಲ್ಲ ಎಂಬಂತೆ ಕೂತಿದ್ದಳಂತೆ. ಈಗ ತುಕ್ಕು ಹಿಡಿಯುತ್ತಿದ್ದ ಆ ಗಾಲಿಯನ್ನು ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ನನಗೂ ಕಣ್ಣು ಒದ್ದೆಯಾಯಿತು. ವಯಸ್ಸಾದ ಮೇಲೆ ಕಣ್ಣಿಗೆ ಹಿಡಿತ ಇರುವುದಿಲ್ಲ.

ಕೂಲಿಗಳ ಗುಡಿಸಲ ಸಾಲಿನಲ್ಲಿ ಅವಳು ಬಾವಿಗೆ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿಯುತ್ತಿದ್ದರು. ಒಂದೇ ಗೋಡೆಯ ಆಚೆ ಇದ್ದ ಹಯಾತನ ತಾಯಿ ರಹಿಮತ್ಬಿ, ಒಲೆಗೆ ಕೆಂಡ ಕೊಡುತ್ತಿದ್ದವಳು, ಬಾಣಂತನಕ್ಕೆ ನಾನೇ ನಿಲ್ಲುತ್ತೇನೆ ಎಂದಿದ್ದವಳು, ಹನ್ನೆರಡು ದಿನದಿಂದ ಅವಳ ಮುಖ ನೋಡಿರಲಿಲ್ಲ. ಹೌದು, ಗಿರಿಜವ್ವನಿಗೆ ನಾಲ್ಕು ತಿಂಗಳು.

"ಕಾಕಾರ, ನಂಗೇನೂ ಬ್ಯಾಡ್ರಿ. ದ್ಯಾಮಪ್ಪ ಬ್ರೇಕ್ ಬಿಟ್ಟಿದ್ದಿಲ್ಲ ಅಂತ ಒಂದ ಸಾಲು ಬರಸ್ರಿ. ನಾಳೆ ಹುಟ್ಟೋ ಕೂಸಿಗೆ ನಿಮ್ಮಪ್ಪ ಕುಡದು ಹಯಾತನ್ನ ಕೊಂದ ಅಂತ ಯಾರೂ ಅನಬಾರದು."

ಮರುದಿನ ಹನ್ನೊಂದಕ್ಕೆ ಯಲ್ಲಾಪುರದಲ್ಲಿ ಮಾಮ್ಲೇದಾರ ಸಾಹೇಬರ ಮುಂದೆ ವಿಚಾರಣೆ. ನಾನು ಹಿಂದೆಮುಂದೆ ನೋಡದೆ ಸುತ್ತಿಗೆಯ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಮಾತು ಕೊಡುವುದರಲ್ಲಿ ನನಗೆ ಯಾವತ್ತೂ ಅವಸರವೇ.

ಅವಳು ನನ್ನ ಕರವಸ್ತ್ರ ಇಸಿದುಕೊಂಡು ಕೊಯ್ದ ಅಂಗೈಗೆ ಬಿಗಿದು ಕಟ್ಟಿದಳು. "ಸಂಜೀಗೆ ಮನೀಗೆ ಬರ್ರಿ. ಎಣ್ಣಿ ಹಚ್ಚತೀನಿ. ರಹಿಮತ್ಬಿ ಅವ್ವಗ ಮೊದಲ ಹೇಳತೀನಿ," ಎಂದು ಸೆರಗು ಸಿಕ್ಕಿಸಿಕೊಂಡು ದಿಬ್ಬ ಹತ್ತಿ ಹೋದಳು. ಬಸುರಿ ಹೆಂಗಸು, ಓಡಬೇಡವೇ ಎಂದು ಕೂಗಿದೆ. ಕೇಳಲಿಲ್ಲ.

*

ಅವಳು ಹೋದ ಮೇಲೆ ಹಗುರವಾಗಿದ್ದ ಎದೆಗೆ ಮತ್ತೆ ಕಲ್ಲು ಬಂದು ಕೂತಿತು. ಮೂರು ಸಲ ಹಿಡಿದರೂ ಟ್ರಾಲಿ ಯಾಕೆ ನಿಲ್ಲಲಿಲ್ಲ? ನಾಳೆ ಸಾಹೇಬರು ಕೇಳುವ ಮೊದಲ ಪ್ರಶ್ನೆಯೇ ಇದು.

ಗಾಲಿ ಹಳಿಯನ್ನು ಎಷ್ಟು ಜಾಗದಲ್ಲಿ ಮುಟ್ಟುತ್ತದೆ ಎಂದು ಜನರನ್ನು ಕೇಳಿ ನೋಡಿ. ಒಂದು ಗೇಣು ಎನ್ನುತ್ತಾರೆ, ಅಂಗೈಯಗಲ ಎನ್ನುತ್ತಾರೆ. ಇಂಥ ಟ್ರಾಲಿಯ ಗಾಲಿ ಮುಟ್ಟುವುದು ಒಂದು ಹುಣಸೆಬೀಜದಷ್ಟು ಜಾಗದಲ್ಲಿ. ದುಂಡು ಕಬ್ಬಿಣ, ಗಟ್ಟಿ ಕಬ್ಬಿಣ. ಭಾರಕ್ಕೆ ಎರಡೂ ಒಂದಿಷ್ಟೇ ಇಷ್ಟು ಒತ್ತಿಕೊಂಡು ಅಷ್ಟೇ ಜಾಗ ಮಾಡಿಕೊಳ್ಳುತ್ತವೆ. ನಾಲ್ಕು ಗಾಲಿಗೆ ನಾಲ್ಕು ಹುಣಸೆಬೀಜ. ಮೇಲೆ ನಾಟಾದ ರಾಶಿ, ಅದರ ಮೇಲೆ ಇಬ್ಬರು ಮನುಷ್ಯರು. ಬ್ರೇಕ್ ಹಿಡಿಯುವುದು ಗಾಲಿಯನ್ನು ಮಾತ್ರ. ಗಾಲಿಯನ್ನು ಹಿಡಿಯಬೇಕಾದ್ದು ಹಳಿ, ಆ ಹುಣಸೆಬೀಜದಷ್ಟು ಜಾಗದಲ್ಲಿ. ಅಲ್ಲಿ ಹಿಡಿತ ತಪ್ಪಿತೋ, ಬ್ರೇಕಿನವನ ಕೈಯಲ್ಲಿ ಹತ್ತು ಆನೆಯ ಬಲ ಇದ್ದರೂ ಅಷ್ಟೇ.

ಅದಕ್ಕೇ ಈ ಟ್ರಾಲಿಯ ದಾರಿಯಲ್ಲಿ ಒಂದು ಪದ್ಧತಿಯಿತ್ತು. ರಾಮ ಎಂಬ ಆಳು ಟ್ರಾಲಿಯ ಮುಂದೆ ಚೀಲ ಹೊತ್ತುಕೊಂಡು ನಡೆದು, ಇಳಿಜಾರಿನ ತಲೆಯಲ್ಲಿ ಎರಡೂ ಹಳಿಯ ಮೇಲೆ ಉಸುಕು ಚೆಲ್ಲುತ್ತಿದ್ದ. ಮಹಾನವಮಿಯ ದಿನ ಅವನು ಊರಿಗೆ ಹೋಗಿದ್ದನೆಂದು ನನಗೆ ಮೊದಲೇ ತಿಳಿದಿತ್ತು. ಆದರೆ ಬಿಸಿಲು ಕಾದ ಮಧ್ಯಾಹ್ನ, ಒಣಗಿದ ಹಳಿ. ಉಸುಕಿಲ್ಲದಿದ್ದರೂ ನಿಲ್ಲಬೇಕಿತ್ತು.

ಹಳಿಗುಂಟ ಮೇಲೆ ಹತ್ತಿದೆ. ಮೊಣಕಾಲು ಹಿಡಿದುಕೊಂಡು ಬೈಯುತ್ತ ಬೈಯುತ್ತ ಹತ್ತಿದೆ. ಕೂಲಿಗಳ ಗುಡಿಸಲುಗಳು ಇಳಿಜಾರಿನ ತಲೆಯಲ್ಲೇ, ಹಳಿಗೆ ಹತ್ತು ಹೆಜ್ಜೆ ದೂರದಲ್ಲಿವೆ. ಬ್ರೇಕ್ ಮೊದಲು ಹಿಡಿಯಬೇಕಾದ್ದೂ ಅಲ್ಲಿಯೇ. ಅಲ್ಲಿ ಬಗ್ಗಿ ಕೂತೆ.

ಹಳಿಯ ನೆತ್ತಿ ಸ್ವಚ್ಛವಾಗಿತ್ತು. ಸ್ವಲ್ಪ ಹೆಚ್ಚೇ ಸ್ವಚ್ಛ. ಪಕ್ಕದ ಜಲ್ಲಿಯ ನಡುವೆ ಒಲೆಯ ಬೂದಿ ಸಿಕ್ಕಿಕೊಂಡಿತ್ತು. ಹಳಿಯನ್ನು ಯಾರಾದರೂ ಪಾತ್ರೆಯಂತೆ ಬೂದಿ ಹಾಕಿ ತಿಕ್ಕುತ್ತಾರೆಯೇ?

ನೆತ್ತಿ ತಿಕ್ಕುವವರಿಗೆ ಅಡಿ ನೆನಪಿರುವುದಿಲ್ಲ. ಹಳಿಯ ತಲೆಯ ಕೆಳಗಡೆ, ಮಳೆಯೂ ಕೈಯೂ ತಲುಪದ ಸಂದಿಯಲ್ಲಿ, ಕರವಸ್ತ್ರ ಕಟ್ಟಿದ ಕೈಯನ್ನೇ ತೂರಿಸಿ ಒಮ್ಮೆ ಒರೆಸಿ ತೆಗೆದೆ. ಬಟ್ಟೆಗೆ ಕಪ್ಪು ಜಿಗುಟು ಹತ್ತಿತ್ತು. ಒಳಗೆ ಅಲ್ಲಲ್ಲಿ ಕೆಂಪು. ಇಲ್ಲಿಯ ಕೆಮ್ಮಣ್ಣು ಹತ್ತದ ವಸ್ತು ಯಾವುದಿದೆ ಎಂದುಕೊಂಡು ಮೂಸಿದೆ.

ಔಡಲೆಣ್ಣೆ. ಹರಳೆಣ್ಣೆ ಅನ್ನುತ್ತಾರಲ್ಲ, ಅದೇ.

ಇಪ್ಪತ್ತು ಮಾರು ಉದ್ದಕ್ಕೂ ನೋಡಿದೆ. ಎರಡೂ ಹಳಿ. ಯಾರೋ ಕೂತು, ಸಾವಕಾಶವಾಗಿ, ಒಂದು ಮೊಳವನ್ನೂ ಬಿಡದೆ ಸವರಿದ್ದರು. ಆ ಇಪ್ಪತ್ತು ಮಾರಿನಲ್ಲಿ ಗಾಲಿಗೆ ಎಣ್ಣೆ ಮೆತ್ತಿಕೊಂಡು, ಓಟ ಹತ್ತಿ, ಮುಂದೆ ದ್ಯಾಮಪ್ಪ ಮೂರು ಸಲವಲ್ಲ, ಮೂವತ್ತು ಸಲ ಹಿಡಿದರೂ ಟ್ರಾಲಿ ನಿಲ್ಲುವಂತಿರಲಿಲ್ಲ.

ಇದು ಅಪಘಾತವಲ್ಲ, ಕೊಲೆ ಎಂದುಕೊಂಡೆ. ಔಡಲೆಣ್ಣೆಯ ಡಬ್ಬ ಇದ್ದದ್ದು ನಾಟಾ ಡಿಪೋದ ಕೋಣೆಯಲ್ಲಿ, ಟ್ರಾಲಿಯ ಅಚ್ಚಿಗೆ ಹಾಕಲು. ಅದರ ಬೀಗದ ಕೈ ಇದ್ದದ್ದು ಮೇಲ್ವಿಚಾರಕ ಜಟ್ಟಪ್ಪನ ಸೊಂಟದಲ್ಲಿ. ಹಬ್ಬದ ಹಿಂದಿನ ವಾರವೇ ದ್ಯಾಮಪ್ಪನಿಗೂ ಅವನಿಗೂ ಗಾಲಿಯನ್ನು ಒತ್ತಿ ಹಿಡಿಯುವ ಬ್ರೇಕ್ ಕಟ್ಟೆ ಸವೆದಿದೆಯೆಂದು ಜಗಳವಾಗಿತ್ತು. ಕಂತ್ರಾಟುದಾರರ ಪರವಾಗಿ, ಕುಡಿದಿದ್ದ ಎಂದು ಕಾಗದ ಬರೆದವನೂ ಅವನೇ.

ಸುತ್ತಿಗೆ ಹೆಗಲಿಗೇರಿಸಿಕೊಂಡು ನೇರ ಡಿಪೋಕ್ಕೆ ನಡೆದೆ.

*

ಜಟ್ಟಪ್ಪ ಹೊನ್ನಾವರ ಕಡೆಯವನು. ಐವತ್ತರ ಸುಮಾರು. ಕಿಟಕಿಯ ಹತ್ತಿರ ಕೂತು ಕನ್ನಡಕ ಒರೆಸುತ್ತಿದ್ದ. ನನ್ನನ್ನು ಕಂಡು ಏಳಲೂ ಇಲ್ಲ, ಕೂರಿ ಎನ್ನಲೂ ಇಲ್ಲ.

"ಎಂತ ಸಿಕ್ತು, ಶಂಕ್ರಪ್ಪನವ್ರೆ?"

"ದ್ಯಾಮಪ್ಪ ಬ್ರೇಕ್ ಹಿಡದಿದ್ದ. ಮೂರು ಸಲ."

ಒರೆಸುತ್ತಿದ್ದ ಕೈ ನಿಂತಿತು. "ನಿಮಗೆ ಹ್ಯಾಗೆ ಗೊತ್ತು?"

"ಗಾಲಿ ಹೇಳಿತು. ಈಗ ನೀವು ಹೇಳ್ರಿ. ಹಬ್ಬದ ದಿನಾ ಅವನ್ನ ಕರದಾವರು ಯಾರು?"

"ಅವನೇ ಹೋದ. ಕಾಗದದಲ್ಲಿ ಬರ್ದಿದ್ದೆ."

"ಖಂಡೆಪೂಜೆ ದಿನಾ ನಮ್ಮ ಕಡೆ ಮಂದಿ ಕುಡಗೋಲು ಸುದ್ದಾ ಮುಟ್ಟೂದಿಲ್ಲ. ಪೂಜಾ ಆದ ಮ್ಯಾಲೆ ಮರದಿನಾ ಬನ್ನಿ ಮುಡಿಯೋ ತನಕಾ ಆಯುಧ ಮುಟ್ಟಿದ್ರ ಕೇಡು ಅಂತಾರ. ಅಂಥಾವ ತಾನಾಗೇ ಹೋಗಿ ಬ್ರೇಕ್ ಹಿಡದ್ನಾ? ಯಾರ ಕಿವ್ಯಾಗ ಹೂವ ಇಡತೀರಿ?"

ಜಟ್ಟಪ್ಪ ಕನ್ನಡಕ ಹಾಕಿಕೊಂಡ. ಮತ್ತೆ ತೆಗೆದ.

"ಕುಮಟೆಯಿಂದ ಲಾರಿ ಬಂದು ನಿಂತಿತ್ತು," ಎಂದ ಮೆಲ್ಲಗೆ. "ಒಂದೇ ಒಂದು ಟ್ರಾಲಿ ನಾಟಾ ಕಮ್ಮಿ. ಮಧ್ಯಾಹ್ನ ನಾನೇ ಒಳದಾರಿಲಿ ಮೇಲೆ ಟ್ರಾಲಿ ನಿಲ್ಸೋ ಜಾಗಕ್ಕೆ ಹೋದೆ, ಬೆಳಿಗ್ಗೆಯಿಂದ ಅವ ಅಲ್ಲೇ ಟ್ರಾಲಿ ಪೂಜೆಲಿದ್ದ. ಬರೂದಿಲ್ಲ ಅಂದ. ಹಂಗಾದ್ರೆ ನಾಳೆಯಿಂದ ಬರೂದೇ ಬ್ಯಾಡ ಅಂದೆ. ಹಯಾತ್ ಅಲ್ಲೇ ಇದ್ದ. 'ನಡಿ ಭಾಯ್, ಇಬ್ರೂ ಹೋಗಿ ಗಡಾನೆ ಮುಗಿಸಿ ಬರುವಾ' ಅಂದ. ಇಬ್ರೂ ಹೋದ್ರು."

"ಉಸುಕು ಹಾಕೋ ರಾಮ ಇಲ್ಲಂತ ಗೊತ್ತಿತ್ತಾ?"

"ಗೊತ್ತಿತ್ತು."

"ಕುಡದಿದ್ದ ಅಂತ ಬರದದ್ದು ಸುಳ್ಳಾ?"

"ಸುಳ್ಳು."

ಇಷ್ಟು ಸುಲಭವಾಗಿ ಒಪ್ಪಿಕೊಂಡದ್ದು ನನಗೆ ಸರಿಬರಲಿಲ್ಲ. ಮೇಜಿಗೆ ಬಗ್ಗಿ ಕೇಳಿದೆ: "ಮತ್ತ ಹಳೀಗೆ ಎಣ್ಣಿ ಸವರಿದ್ದು? ಅದೂ ಒಪ್ಪಿಕೋರಿ. ಡಬ್ಬಿ ನಿಮ್ಮದು, ಕೀಲಿ ನಿಮ್ಮದು."

ಅವನ ಮುಖ ಬಿಳಿಚಿಕೊಂಡಿತು. ಆದರೆ ಸಿಕ್ಕಿಬಿದ್ದವನ ಮುಖ ಅದಾಗಿರಲಿಲ್ಲ.

"ಅದು ನಿಮ್ಗೆ ಕಂಡ್ತಾ? ನಾ ಎಲ್ಲಾ ತಿಕ್ಕಿದ್ದೆ."

"ಬೂದಿ ಹಾಕಿ ತಿಕ್ಕಿದ್ದು ನೀವ?"

"ನಾನೇ. ಅದೊಂದು ಕೇಳಬ್ಯಾಡಿ. ಉಳಿದದ್ದು ಏನು ಬೇಕಾದ್ರೂ ಬರಸ್ಕಣಿ, ನಾ ಸಹಿ ಹಾಕ್ತೆ. ಜೈಲಿಗೂ ಹೋಗ್ತೆ. ಎಣ್ಣೆ ಸುದ್ದಿ ಬ್ಯಾಡ."

"ಇಬ್ಬರು ಸತ್ತಾರ. ಕೇಳಬ್ಯಾಡ ಅಂದ್ರ ಬಿಡತೀನಾ?"

ಅವನು ಎದ್ದು ಕಪಾಟಿನ ಬಾಗಿಲು ತೆಗೆದು, ಹಿಂದುಗಡೆಯಿಂದ ಒಂದು ಬಟ್ಟೆಯ ಗಂಟು ತಂದು ಮೇಜಿನ ಮೇಲಿಟ್ಟ. ಬಿಚ್ಚಿದ. ಒಂದು ಮಣ್ಣಿನ ಹಣತೆ. ಒಣಗಿ ಮುದುರಿದ ಚೆಂಡುಹೂವು. ಒಡೆದ ಕಾಯಿಯ ಹೋಳು, ಕೊಬ್ಬರಿ ಕಪ್ಪಾಗಿತ್ತು.

"ಹಳಿ ಪಕ್ಕಕ್ಕೆ ಇತ್ತು," ಎಂದ. "ದ್ಯಾಮಪ್ಪನ ಗುಡಿಸಲಿನ ಎದುರು."

ನಾನು ಕಾಯಿಯ ಹೋಳನ್ನು ನೋಡಿದೆ. ಆಮೇಲೆ ನನ್ನ ಸುತ್ತಿಗೆಯ ಹಿಡಿಕೆಯನ್ನು ನೋಡಿದೆ. ಪಾರ್ವತವ್ವ ಎಣ್ಣೆ ಸವರುತ್ತಿದ್ದ ಹಿಡಿಕೆ. ಹಬ್ಬದ ದಿನ ನಾನು ಅದನ್ನು ಎತ್ತುವುದಿಲ್ಲ ಎಂಬ ನಂಬಿಕೆಯಿಂದ ಕೈತುಂಬ ಸವರುತ್ತಿದ್ದಳು.

ಹಳಿಯ ಸಂದಿಯ ಕೆಂಪು ಕೆಮ್ಮಣ್ಣಲ್ಲ. ಕುಂಕುಮ.

ಗಿರಿಜವ್ವ ಬಂಡಿ ಇರುವ ಮನೆಯಲ್ಲಿ ಹುಟ್ಟಿದ ಹೆಣ್ಣೆಂದು ಬೆಳಿಗ್ಗೆ ಅವಳೇ ಹೇಳಿದ್ದಳು. ಬಂಡಿಯ ಕೀಲಿಗೆ ಔಡಲೆಣ್ಣೆ ಹಾಕಿದರೆ ಗಾಲಿ ಹಗುರವಾಗಿ ತಿರುಗುತ್ತದೆ, ಎತ್ತಿಗೆ ಸುಖ ಎಂದು ಅಪ್ಪ ಮಾಡಿದ್ದನ್ನು ನೋಡಿ ಬೆಳೆದವಳು. ಗಂಡನಿಗೆ ಅನ್ನ ಕೊಡುವ ಆಯುಧ ಕೊಡಲಿಯಲ್ಲ, ಕುಡಗೋಲಲ್ಲ, ಈ ಹಳಿ. ಗುಡಿಸಲಿನ ಮುಂದೆ ಇಪ್ಪತ್ತು ಮಾರು ಉದ್ದಕ್ಕೂ ತೊಳೆದು, ಎಣ್ಣೆ ಸವರಿ, ವಿಭೂತಿ ಬಳಿದು, ಕುಂಕುಮ ಇಟ್ಟು, ದೀಪ ಹಚ್ಚಿದ್ದಾಳೆ. ಇವತ್ತು ಟ್ರಾಲಿ ಓಡುವುದಿಲ್ಲ. ನಾಳೆ ಬನ್ನಿ ಮುಡಿದ ಮೇಲೆ ಒರೆಸಿದರಾಯಿತು.

ನಾನು ಕುರ್ಚಿ ಎಳೆದುಕೊಂಡು ಕೂತೆ. ಯಾರೂ ಕೂರಿ ಅನ್ನದಿದ್ದರೂ ಕೂತೆ.

"ಆಕಿ ಎಲ್ಲಿದ್ಲು ಆಗ?"

"ಪೂಜೆ ಮುಗ್ಸಿ ಹೆಂಗಸ್ರೊಟ್ಟಿಗೆ ಯಲ್ಲಾಪುರಕ್ಕೆ ದೇವಿ ಗುಡಿಗೆ ಹೋಗಿತ್ತು. ಬರೂದ್ರೊಳಗೆ ಎಲ್ಲಾ ಆಗಿತ್ತು. ಟ್ರಾಲಿ ಓಡಿದ ಸದ್ದಿಗೆ ನಾ ಓಡಿ ಬಂದೆ. ತಿರುವಿನಲ್ಲಿ ಹಯಾತ್ ಸತ್ತಿದ್ದ. ದ್ಯಾಮಪ್ಪಗೆ ಜೀವ ಇತ್ತು. ನನ್ನ ಅಂಗಿ ಹಿಡ್ಕಂಡ." ಜಟ್ಟಪ್ಪ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡ. "ನಾ ನೀರು ಕೇಳ್ತಾ ಅಂದ್ಕಂಡೆ. ನೀರಲ್ಲ. 'ಹಳಿ ಒರಸ್ರಿ ಸಾಹೇಬ್ರ. ಗಿರಿಜಾಗ ಹೇಳಬ್ಯಾಡ್ರಿ' ಅಂದ. ಅಷ್ಟೇ."

ಹೊರಗೆ ನಾಟಾ ಹೊರುವವರ ಕೂಗು ಕೇಳುತ್ತಿತ್ತು. ಟ್ರಾಲಿ ಅಂಚಿಗೆ ಬರುವಾಗಲೇ ದ್ಯಾಮಪ್ಪನಿಗೆ ಹೊಳೆವ ಹಳಿ, ಉರಿಯುವ ದೀಪ ಕಂಡಿರಬೇಕು. ನಿಲ್ಲಿಸಲಾಗದು ಎಂದು ಆ ಗಳಿಗೆಯಲ್ಲೇ ತಿಳಿದಿರಬೇಕು. ಆದರೂ ಮೂರು ಸಲ ಹಿಡಿದ. ಸಾಯುವಾಗಲೂ ಹೆಂಡತಿಯ ಹೆಸರನ್ನೇ ಕಾದ.

ದುಃಖದ ಜೊತೆಗೆ ಸಿಟ್ಟೂ ಬಂತು.

"ಅವನ ಮಾತು ಉಳಿಸೀನಿ ಅಂತ ದೊಡ್ಡ ಮನಷ್ಯಾ ಆಗಬ್ಯಾಡ್ರಿ. ಕರದದ್ದು ನೀವು. ಅದನ್ನ ಮುಚ್ಚಾಕ ಅವನ್ನ ಕುಡುಕನ್ನ ಮಾಡೀರಿ."

"ಹೌದು," ಎಂದ. "ಅರ್ಧ ಅವಳ ಸಲುವಾಗಿ, ಅರ್ಧ ನನ್ನ ಸಲುವಾಗಿ. ಯಾವ ಅರ್ಧ ದೊಡ್ಡದು ಅಂತ ಹನ್ನೆರಡು ದಿನದಿಂದ ನಂಗೇ ತಿಳೀತಿಲ್ಲ. ಕುಡುಕನ ಹೆಂಡ್ತಿ ಅನ್ನಿಸ್ಕಂಡಾದ್ರೂ ಅವ್ಳು ಬದುಕ್ತು. ಇದು ಗೊತ್ತಾದ್ರೆ ಬದುಕ್ತಾ? ಹೊಟ್ಟೆಲೊಂದು ಜೀವ ಬೇರೆ ಇದ್ದು. ಈಗ ನಿಮಗೂ ಗೊತ್ತಾಯ್ತು. ನೀವೇ ಹೇಳಿ, ನಾಳೆ ಸಾಹೇಬ್ರ ಎದುರು ಏನು ಹೇಳ್ತ್ರಿ?"

ಎಣ್ಣೆಯ ಮಾತೆತ್ತದೆ ಬ್ರೇಕ್ ಹಿಡಿದಿದ್ದ ಎಂದರೆ ಯಾರು ನಂಬುತ್ತಾರೆ? ಒಣ ಹಳಿಯ ಮೇಲೆ ಬ್ರೇಕ್ ಹಿಡಿದ ಟ್ರಾಲಿ ಓಡಿತೇ ಎಂದು ಕೇಳುತ್ತಾರೆ. ಎಣ್ಣೆಯ ಮಾತೆತ್ತಿದರೆ ದ್ಯಾಮಪ್ಪನ ಹೆಸರು ಉಳಿಯುತ್ತದೆ, ಗಿರಿಜವ್ವ ಉಳಿಯುವುದಿಲ್ಲ. ಅವಳಿಗೆ ನಾನು ಕೊಟ್ಟ ಮಾತನ್ನು ಉಳಿಸಿದರೆ ಅವಳ ಗಂಡ ಸಾಯುವಾಗ ಕೇಳಿದ ಮಾತು ಹೋಗುತ್ತದೆ.

ಜಟ್ಟಪ್ಪನಿಂದ ಒಂದು ಕಾಗದ ಬರೆಸಿಕೊಂಡೆ: ಟ್ರಾಲಿ ಬಿಡಿಸಿದವನು ತಾನು, ಉಸುಕಿನ ಆಳು ಇರಲಿಲ್ಲ, ದ್ಯಾಮಪ್ಪ ಕುಡಿದಿರಲಿಲ್ಲ. ಎಣ್ಣೆಯ ಸುದ್ದಿ ಬರೆಸಲಿಲ್ಲ. ಗಂಟನ್ನು ಮತ್ತೆ ಕಟ್ಟಿ ಕಪಾಟಿನಲ್ಲಿ ಇಡಿಸಿದೆ. ಉಸುಕಿರಲಿಲ್ಲ, ಅದಕ್ಕೇ ಜಾರಿತು ಎಂದು ಹೇಳಿದರಾಯಿತು. ಜೀವಮಾನದಲ್ಲಿ ಗಾಲಿಯ ವಿಷಯದಲ್ಲಿ ನಾನು ಸುಳ್ಳು ಹೇಳಿದವನಲ್ಲ. ಒಂದು ಸಲ ಹೇಳಿದರೆ ಯಾರು ಕೇಳುತ್ತಾರೆ ಎಂದುಕೊಂಡೆ.

*

ಸಂಜೆಯ ಬಿಸಿಲು ಇನ್ನೂ ಇತ್ತು. ಗಿರಿಜವ್ವನ ಗುಡಿಸಲಿನ ಬಾಗಿಲಲ್ಲಿ ನಿಂತು ಒಳಗೆ ನೋಡಿದೆ.

ರಹಿಮತ್ಬಿ ಒಳಗಿದ್ದಳು. ಹನ್ನೆರಡು ದಿನ ಗೋಡೆಗೆ ಮುಖ ಮಾಡಿ ಕೂತಿದ್ದ ಮುದುಕಿ, ಗಿರಿಜವ್ವನ ಒಲೆಯ ಮುಂದೆ ಕೂತು ಅವಳ ಬೆನ್ನು ಸವರುತ್ತಿದ್ದಳು. ಇಬ್ಬರ ನಡುವೆ ಒಂದೇ ತಟ್ಟೆ. ಅದರಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ.

"ಬರ್ರಿ ಕಾಕಾರ, ಬರ್ರಿ! ಅವ್ವಗ ಎಲ್ಲಾ ಹೇಳೀನಿ. ಮೂರು ಸಲ ಅಂತ ಹೇಳೀನಿ." ಗಿರಿಜವ್ವನ ಮುಖದಲ್ಲಿ ಬೆಳಕಿತ್ತು. ಆ ಮುಖವನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ರಹಿಮತ್ಬಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಮ್ ಹಯಾತನ್ನ ಬಿಟ್ಟು ದ್ಯಾಮಪ್ಪಾ ಜಿಗೀಲಿಲ್ಲಾ ಅಂತ ಈಕಿ ಅಂತಾಳೆ. ಸಚ್ಚಿ ಏನ್ರಿ?"

"ಸಚ್ಚಿ ಅಮ್ಮಾ. ನೂರಕ್ಕ ನೂರು."

"ಯಾ ಅಲ್ಲಾ. ನಾ ಈ ಹುಡಗೀಗೆ ಏನೆಲ್ಲಾ ಅಂದೆ." ಗಿರಿಜವ್ವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ನನ್ನ ಕಡೆ ನೋಡಿ ಕೇಳಿಯೇಬಿಟ್ಟಳು: "ಬ್ರೇಕ್ ಹಿಡದ್ರೆ ಗಾಡಿ ಯಾಕ್ ನಿಲ್ಲಲಿಲ್ಲಾ?"

"ಉಸುಕು ಇದ್ದಿಲ್ಲ ಅಮ್ಮಾ. ರಾಮ ಊರಿಗೆ ಹೋಗಿದ್ದ."

"ಒಣಾ ಹಳೀಗೆ ಉಸುಕು ಯಾರ್ ಹಾಕ್ತಾರೆ? ಮಳಿಗಾಲದಾಗ ಹಾಕ್ತಾರೆ, ಮುಂಜಾನಿ ಇಬ್ಬನಿಗೆ ಹಾಕ್ತಾರೆ. ಬಿಸಲಾಗ ರಾಮ ಬರೇ ಚೀಲ ಹೊತ್ತ್ಕೊಂಡು ಹೋಗ್ತಾನೆ, ಶಾಸ್ತ್ರಕ್ಕೆ ಒಂದ್ ಹಿಡಿ ಹಾಕ್ತಾನೆ. ನನ್ ಮಗಾ ನಾಕ್ ವರ್ಷ ಹೋದಾ ಆ ಗಾಡಿ ಮ್ಯಾಲೆ. ನಂಗೊತ್ತಿಲ್ಲಾ?"

ಸುಳ್ಳು ಎಷ್ಟು ಬೇಗ ಸಿಕ್ಕಿಬಿತ್ತು. ನಾನು ನೆಲ ನೋಡಿದೆ.

ಗಿರಿಜವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. "ಯಾರೋ ಏನೋ ಮಾಡ್ಯಾರ ಹೌದಲ್ರಿ? ನಿಮಗ ಗೊತ್ತಾಗೇತಿ. ಹೇಳ್ರಿ ಕಾಕಾರ." ಅವಳ ದನಿ ಗಡುಸಾಯಿತು. ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದಳು. "ಯಾರಾದ್ರೂ ಇರ್ಲಿ. ಈ ಅವ್ವನ ಮಗನ್ನ ತಿಂದಾವರು, ನನ್ನ ಕೂಸಿನ ಅಪ್ಪನ್ನ ತಿಂದಾವರು, ಅವರ ಕೈ..."

"ಬ್ಯಾಡ!" ಎಂದು ಕೂಗಿಬಿಟ್ಟೆ. "ಶಾಪ ಹಾಕಬ್ಯಾಡ ತಂಗೀ. ಬಸುರಿ ಹೆಣ್ಣಮಗಳು ಶಾಪ ಹಾಕಬಾರದು."

ಇಬ್ಬರೂ ಬೆಚ್ಚಿದರು. ಕೂಗಿದ್ದಕ್ಕೆ ನನಗೇ ನಾಚಿಕೆಯಾಯಿತು. ಬೇಡವೆಂದು ಮೇಲೆತ್ತಿದ್ದ ಕೈಯನ್ನು ಇಳಿಸಿದೆ.

ಆ ಕೈಯ ಕಟ್ಟನ್ನು ಗಿರಿಜವ್ವ ನೋಡಿದಳು. ಅವಳ ಮುಖ ಮೆತ್ತಗಾಯಿತು. "ಆತು ಬಿಡ್ರಿ, ಹಾಕೂದಿಲ್ಲ. ನಿಮ್ಮ ಕೈ ಮರತ ಬಿಟ್ಟಿದ್ದೆ ನೋಡ್ರಿ. ತರ್ರಿ ಇಲ್ಲೆ."

ಗೂಡಿನಿಂದ ಒಂದು ಹಿತ್ತಾಳೆ ಗಿಂಡಿ ತಂದಳು. "ನಮ್ಮ ತವರುಮನಿ ಔಡಲ ಎಣ್ಣಿ. ಅಪ್ಪ ಬಂಡಿಗೆ ಅಂತ ಮಾಡಸ್ತಾನ, ನಂಗೊಂದಿಷ್ಟು ಕಳಸ್ತಾನ. ಗಾಯಕ್ಕೂ ಛಲೋ."

ನನ್ನ ಮುಂದೆ ಕೂತು ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕರವಸ್ತ್ರದ ಗಂಟು ಬಿಚ್ಚತೊಡಗಿದಳು. ಆ ಗಳಿಗೆಯಲ್ಲಿ ನೆನಪಾಯಿತು. ಜಟ್ಟಪ್ಪನ ಗಂಟನ್ನು ಬಚ್ಚಿಡಿಸಿದ್ದ ನಾನು ನನ್ನ ಕೈಗೆ ಕಟ್ಟಿಕೊಂಡಿದ್ದನ್ನು ಮರೆತಿದ್ದೆ. ಕೈ ಎಳೆದುಕೊಂಡೆ. ತಡವಾಗಿತ್ತು.

ಬಟ್ಟೆ ಅವಳ ಕೈಯಲ್ಲಿತ್ತು. ನನ್ನ ರಕ್ತದ ಕಲೆಯ ಪಕ್ಕದಲ್ಲಿ ಕಪ್ಪು ಜಿಗುಟು. ಅದರೊಳಗೆ ಕೆಂಪು. ನಾನು ಹಳಿಯ ಹತ್ತಿರ ಕಾಣದೇ ಹೋದದ್ದು ಅವಳ ಕಣ್ಣಿಗೆ ಬಿತ್ತು. ಅರಿಸಿನ ಹಚ್ಚಿದ ಒಂದು ಅಕ್ಕಿಕಾಳು. ಉಗುರಿನಿಂದ ಅದನ್ನು ಬಿಡಿಸಿ ಅಂಗೈಯಲ್ಲಿಟ್ಟು ನೋಡಿದಳು. ಬಟ್ಟೆಯನ್ನು ಮೂಗಿಗೆ ಹಿಡಿದಳು. ಆಮೇಲೆ ಗಿಂಡಿಯನ್ನು ಎತ್ತಿ ಅದನ್ನೂ ಮೂಸಿದಳು.

ತೆರೆದ ಬಾಗಿಲಿನಾಚೆ, ಹತ್ತು ಹೆಜ್ಜೆ ದೂರದಲ್ಲಿ, ಸಂಜೆ ಬಿಸಿಲಿಗೆ ಹಳಿ ಹೊಳೆಯುತ್ತಿತ್ತು. ಅವಳು ಅದನ್ನು ಬಹಳ ಹೊತ್ತು ನೋಡಿದಳು.

"ಕಾಕಾರ," ಎಂದಳು. ದನಿ ಎಲ್ಲೋ ದೂರದಿಂದ ಬಂದಂತಿತ್ತು. "ಎಣ್ಣಿ ಹಚ್ಚಿದ್ರ ಗಾಲಿಗೆ ಛಲೋ ಅಲ್ಲೇನ್ರಿ?"

ರಹಿಮತ್ಬಿ ಬಾಯಿಗೆ ಒಯ್ಯುತ್ತಿದ್ದ ರೊಟ್ಟಿಯ ತುಣುಕನ್ನು ತಟ್ಟೆಗೆ ವಾಪಸು ಇಟ್ಟಳು. ಗಿರಿಜವ್ವನ ಬೆನ್ನ ಮೇಲಿದ್ದ ಅವಳ ಕೈ ಅಲ್ಲೇ ನಿಂತಿತು. ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು.